ಸಾಲ ನಮ್ಮದು, ಬೆಲೆ ಕಂಪನಿಯದು: ಆನ್‌ಲೈನ್ ಅಂಗಡಿಗೆ ಬೆಲ್ಲ ಕೊಡಬೇಕೆ?



ಮಂಡ್ಯ ಸೀಮೆಯ ಆಲೆಮನೆಗಳಲ್ಲಿ ಈಗ ಒಂದು ಹೊಸ ಮಾತು ಓಡಾಡ್ತಾ ಇದೆ. "ಮಂಡಿಗೆ ಯಾಕಪ್ಪ ಹೊರ್ತೀಯ, ಆನ್‌ಲೈನ್ ಕಂಪನಿಗೆ ಕೊಡು. ನಿನ್ನ ಬೆಲ್ಲವನ್ನೇ ಪೊಟ್ಟಣ ಕಟ್ಟಿ ಬೆಂಗಳೂರಲ್ಲಿ ಎರಡರಷ್ಟಕ್ಕೆ ಮಾರ್ತಾವ್ರೆ" ಅಂತ. ಕೊತ್ತತ್ತಿ ಕಡೆಯಿಂದ ಹಿಡಿದು ಮದ್ದೂರು, ಮಳವಳ್ಳಿಯವರೆಗೆ ಗಾಣ ಇಟ್ಟುಕೊಂಡ ರೈತರು, ಓದು ಮುಗಿಸಿ ಊರಿಗೆ ವಾಪಸು ಬಂದ ಹುಡುಗರು, ಪುಡಿಬೆಲ್ಲ ಮಾಡುವ ಹೆಣ್ಣುಮಕ್ಕಳ ಸಂಘದವರು, ಎಲ್ಲರೂ ಕೇಳುವುದು ಒಂದೇ: ಕೊಡೋಣವೋ, ಬೇಡವೋ?

ಸಂಘದ ಸಭೆಗಳಲ್ಲಿ ಇದಕ್ಕೆ ಎರಡು ಬಗೆಯ ಉತ್ತರ ಬರ್ತಾ ಇದೆ. ಹಳಬರು "ಕಂಪನಿ ಅಂದ್ರೆ ಕಂಪನಿಯೇ, ಹತ್ತಿರ ಸೇರಿಸಬ್ಯಾಡಿ" ಅಂತಾರೆ. ಹುಡುಗರು "ಕಾಲ ಬದಲಾಗಿದೆ ಗೌಡ್ರೆ, ಕೊಡದೆ ಹೋದ್ರೆ ಪಕ್ಕದೋನು ಕೊಡ್ತಾನೆ" ಅಂತಾರೆ. ಎರಡೂ ಅರ್ಧ ಉತ್ತರ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಬೆಲ್ಲ ಕೊಡಿ. ಆದರೆ ಕಂಪನಿಗೆ ಕೊಡುವುದಕ್ಕೆ ಅಂತಲೇ ಸಾಲ ಮಾಡಬೇಡಿ. ಒಬ್ಬ ಕಂಪನಿಗೇ ಎಲ್ಲ ಬೆಲ್ಲ ಹಾಕಬೇಡಿ. ಒಬ್ಬೊಬ್ಬರೇ ಹೋಗಿ ಅವನ ಕಾಗದಕ್ಕೆ ಸಹಿ ಹಾಕಬೇಡಿ. ಯಾಕೆ ಅನ್ನೋದನ್ನು ಲೆಕ್ಕದ ಸಮೇತ ಹೇಳ್ತೀನಿ.

ಮಂಡಿಯೂ ದೇವರ ಗುಡಿಯಲ್ಲ

ಮೊದಲು ಒಂದು ಮಾತು ಒಪ್ಪಿಕೊಳ್ಳೋಣ. ಹುಡುಗರಿಗೆ ಕಂಪನಿಯ ಮೇಲೆ ಆಸೆ ಹುಟ್ಟಿದ್ದರೆ ಅದಕ್ಕೆ ಮಂಡಿಯೇ ಕಾರಣ. ಅಚ್ಚು, ಬಕೆಟ್, ಕುರಿಕಾಲಚ್ಚು ಅಂತ ತರಾವರಿ ಬೆಲ್ಲ ಇಳಿಸಿ, ಗಾಡಿಗೆ ಹಾಕಿಕೊಂಡು ಹೋದರೆ ಅಲ್ಲಿ ಬೆಲೆ ನಮ್ಮ ಕೈಲಿ ಇರೋದಿಲ್ಲ. ಮುಂಗಡ ಕೊಟ್ಟ ಮಂಡಿಗೇ ಬೆಲ್ಲ ಹಾಕಬೇಕು. ಹಾಕಿದ ಮೇಲೆ ಅವನು ಬರೆದದ್ದೇ ರೇಟು. ರೈತನಿಂದ ಕಮಿಷನ್ ಕೀಳಬಾರದು ಅಂತ ಕಾನೂನು ಇದ್ದರೂ ಬಿಳಿ ಚೀಟಿ ಹಾವಳಿ ಯಾರಿಗೆ ಗೊತ್ತಿಲ್ಲ? ಮಂಡಿಯವನು ನಮ್ಮನ್ನು ಕಟ್ಟಿಹಾಕಿದ್ದು ಬೆಲೆಯಿಂದ ಅಲ್ಲ, ಮುಂಗಡದಿಂದ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಹಾಗಿದ್ದರೂ ಮಂಡಿಯಲ್ಲಿ ಒಂದು ಗುಣ ಉಂಟು. ಅಲ್ಲಿ ಕೊಳ್ಳುವವರು ಹತ್ತು ಜನ. ಈ ಮಂಡಿ ಸರಿ ಇಲ್ಲ ಅಂದ್ರೆ ಬಾಕಿ ಚುಕ್ತಾ ಮಾಡಿ ಪಕ್ಕದ ಮಂಡಿಗೆ ಹೋಗಬಹುದು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರೇಷ್ಮೆಗೂಡಿಗೆ ಹರಾಜು ಕೂಗುವಾಗಲೂ ಇದೇ ನ್ಯಾಯ. ಕೂಗುವವರು ಹೆಚ್ಚಿದ್ದಷ್ಟು ಗೂಡಿಗೆ ಬೆಲೆ. ಕೂಗುವವನು ಒಬ್ಬನೇ ಆದರೆ ಅದು ಹರಾಜಲ್ಲ, ಅಪ್ಪಣೆ.

ಕೊಡುವ ದಾರಿ ಎರಡು

ಆನ್‌ಲೈನ್ ಕಂಪನಿ ಅಂತ ನಾವು ಒಂದೇ ಹೆಸರಲ್ಲಿ ಕರೆದರೂ ವ್ಯವಹಾರ ಎರಡು ಬಗೆ. ಒಂದು ಬಗೆಯಲ್ಲಿ ಕಂಪನಿಯೇ ನಿಮ್ಮಿಂದ ಸಗಟಿಗೆ ಕೊಳ್ಳುತ್ತೆ. ಆರ್ಡರು ಕಳಿಸುತ್ತೆ, ನೀವು ಅದರ ಗೋಡೌನಿಗೆ ಮುಟ್ಟಿಸಬೇಕು, ಹಣ ಆಮೇಲೆ. ಬೆಂಗಳೂರಲ್ಲೇ 2011ರಲ್ಲಿ ಹುಟ್ಟಿ 2021ರಲ್ಲಿ ಟಾಟಾದವರ ಕೈಗೆ ಹೋದ ಬಿಗ್‌ಬ್ಯಾಸ್ಕೆಟ್‌ನಂಥ ದಿನಸಿ ಕಂಪನಿಗಳನ್ನು ನೆನೆದುಕೊಳ್ಳಿ. ಇನ್ನೊಂದು ಬಗೆಯಲ್ಲಿ ಕಂಪನಿ ಕೊಳ್ಳುವುದೇ ಇಲ್ಲ. ಅದು ಸಂತೆಮಾಳ ಇದ್ದ ಹಾಗೆ. ಮಾಳ ಅವನದು, ಅಂಗಡಿ ನಿಮ್ಮದು, ಸುಂಕ ಅವನಿಗೆ. ಅಮೆಜಾನ್, ಫ್ಲಿಪ್‌ಕಾರ್ಟ್ ಬಹುಮಟ್ಟಿಗೆ ನಡೆಯುವುದು ಹೀಗೆ. ವಿದೇಶಿ ಬಂಡವಾಳದ ಆನ್‌ಲೈನ್ ಕಂಪನಿ ತಾನೇ ಸರಕು ಇಟ್ಟುಕೊಂಡು ಗಿರಾಕಿಗೆ ಮಾರಬಾರದು ಅಂತ ಕೇಂದ್ರದ ನಿಯಮವಿದೆ. ಆದರೆ ನಮ್ಮ ದೇಶದಲ್ಲೇ ಬೆಳೆದು ತಯಾರಾದ ಆಹಾರ ಪದಾರ್ಥಕ್ಕೆ 2016ರಲ್ಲೇ ಬಾಗಿಲು ತೆರೆದುಬಿಟ್ಟಿದ್ದಾರೆ. ಬೆಲ್ಲ ಆಹಾರ ಪದಾರ್ಥ. ಆದ್ದರಿಂದ ನಮ್ಮ ಸರಕಿಗೆ ಎರಡು ದಾರಿಯೂ ತೆರೆದಿವೆ.

ಈಗ ಲೆಕ್ಕ. ಕೆಳಗಿನ ಅಂಕಿಗಳು ನಾನು ಲೆಕ್ಕಕ್ಕೆ ಹಿಡಿದವು, ಯಾವ ಕಂಪನಿಯ ರೇಟೂ ಅಲ್ಲ. ನಿಮ್ಮ ಆಲೆಮನೆಗೆ ನಿಮ್ಮ ಅಂಕಿ ಹಾಕಿಕೊಳ್ಳಿ.

ಸಂತೆಮಾಳದ ದಾರಿಯಲ್ಲಿ ಒಂದು ಕೇಜಿ ಪೊಟ್ಟಣ 100 ರೂಪಾಯಿಗೆ ಮಾರಿತು ಅನ್ನಿ. ಕಂಪನಿಯ ಕಮಿಷನ್ನು, ಇತರೆ ಶುಲ್ಕ ಸೇರಿ 15. ಮನೆಗೆ ಮುಟ್ಟಿಸುವ ಖರ್ಚು 30. ಬೆಲ್ಲ ತೂಕದ ಮಾಲು, ಬೆಲೆ ಕಮ್ಮಿ, ಹಾಗಾಗಿ ಸಾಗಾಟವೇ ಅರ್ಧ ಜೀವ ತೆಗೆಯುತ್ತೆ. ಪೊಟ್ಟಣ, ರಟ್ಟಿನ ಪೆಟ್ಟಿಗೆ, ಚೀಟಿ 10. ಜಿಎಸ್‌ಟಿ 5 ಹಿಡಿಯಿರಿ. ಬಿಡಿ ಬೆಲ್ಲಕ್ಕೆ ಈ ತೆರಿಗೆ ಇಲ್ಲ, ಪೊಟ್ಟಣ ಕಟ್ಟಿ ಹೆಸರು ಅಂಟಿಸಿದ ಬೆಲ್ಲಕ್ಕೆ 2022ರ ಜುಲೈ 18ರಿಂದ ಶೇಕಡ 5 ಬಿತ್ತು. ನಿಮ್ಮ ಪೊಟ್ಟಣ ಮೊದಲ ಸಾಲಿನಲ್ಲಿ ಕಾಣಬೇಕಾದರೆ ಜಾಹೀರಾತಿಗೆ 5. ಮಳೆಗಾಲದಲ್ಲಿ ಬೆಲ್ಲ ನೀರು ಬಿಟ್ಟು ವಾಪಸು ಬಂದದ್ದಕ್ಕೆ 3. ಉಳಿದದ್ದು 32. ಅದೇ ಬೆಲ್ಲ ಮಂಡಿಯಲ್ಲಿ ಕೇಜಿಗೆ 40ಕ್ಕೆ ಹೋಗಿದ್ದರೆ? ಬೆಂಗಳೂರಲ್ಲಿ ಎರಡರಷ್ಟು ಅನ್ನೋದು ನಿಜ. ಆ ಎರಡನೆಯ ಪಾಲು ನಮ್ಮ ಮನೆಗೆ ಬರೋದಿಲ್ಲ ಅನ್ನೋದೂ ಅಷ್ಟೇ ನಿಜ.

ಇದು ನಮ್ಮ ದೇಶದ ಕಥೆ ಮಾತ್ರ ಅಲ್ಲ. ಅಮೆರಿಕದ ಸರ್ಕಾರದ ವ್ಯಾಪಾರ ಆಯೋಗವೇ 2023ರ ಸೆಪ್ಟೆಂಬರಿನಲ್ಲಿ 17 ರಾಜ್ಯಗಳ ಜೊತೆ ಸೇರಿ ಅಮೆಜಾನ್ ಮೇಲೆ ಕೇಸು ಹಾಕಿತು. ಸಣ್ಣ ಮಾರಾಟಗಾರ ದುಡಿದ ಎರಡು ಡಾಲರಿನಲ್ಲಿ ಹೆಚ್ಚುಕಮ್ಮಿ ಒಂದು ಡಾಲರು ಕಂಪನಿಯ ಶುಲ್ಕಕ್ಕೇ ಹೋಗುತ್ತೆ ಅನ್ನೋದು ಅದರ ಆರೋಪಗಳಲ್ಲಿ ಒಂದು. ಕಂಪನಿ ಒಪ್ಪಿಲ್ಲ. ಆದರೂ ಅಷ್ಟು ದೊಡ್ಡ ದೇಶದ ಸಣ್ಣ ವ್ಯಾಪಾರಿಗಳ ದೂರು ನಮಗೆ ಎಚ್ಚರಿಕೆ ಅಲ್ಲವೆ?

ಇನ್ನು ಸಗಟಿನ ದಾರಿ. ಕಂಪನಿ ಕೇಜಿಗೆ 60 ಕೊಡ್ತೀನಿ ಅಂತು ಅನ್ನಿ. ಪೊಟ್ಟಣಕ್ಕೆ 8, ಲಾರಿಗೆ 3, ಬಣ್ಣ ಸರಿ ಇಲ್ಲ, ತೇವ ಜಾಸ್ತಿ ಅಂತ ನೂರಕ್ಕೆ ಐದು ತಿರಸ್ಕಾರವಾದರೆ 3, ಹಣ ತಿಂಗಳೂವರೆ ಕಾದರೆ ಬಡ್ಡಿ 1. ಕೈಗೆ 45. ಮಂಡಿಗಿಂತ 5 ರೂಪಾಯಿ ಹೆಚ್ಚು. ಕ್ವಿಂಟಾಲಿಗೆ 500. ಒಂದು ಟನ್ ಕಬ್ಬಿಗೆ ಹೆಚ್ಚುಕಮ್ಮಿ ಒಂದು ಕ್ವಿಂಟಾಲ್ ಬೆಲ್ಲ ಇಳಿಯುತ್ತೆ, ಅಂದ್ರೆ ಟನ್ ಕಬ್ಬಿಗೆ 500 ರೂಪಾಯಿ ಮೇಲೆ ಸಿಕ್ಕಿತು. ಇದು ಬೇಡವೆನ್ನುವ ದುಡ್ಡಲ್ಲ. ಅದಕ್ಕೇ ನಾನು ಕೊಡಿ ಅಂದದ್ದು.

ಗೂಟ ಎಲ್ಲಿದೆ?

ಹಾಗಾದರೆ ಅಪಾಯ ಎಲ್ಲಿ? ಅಪಾಯ ಎರಡನೇ ವರ್ಷದಲ್ಲಿ. ಮೊದಲ ವರ್ಷ ಮೂಗಿಗೆ ತುಪ್ಪ. ಆರ್ಡರು ಏರ್ತಾ ಹೋಗುತ್ತೆ. "ಇನ್ನೂ ಜಾಸ್ತಿ ಕೊಡಿ, ಪುಡಿ ಮಾಡುವ ಯಂತ್ರ ಹಾಕಿ, ಸ್ಟೀಲಿನ ಕೊಪ್ಪರಿಗೆ ಮಾಡಿಸಿ" ಅಂತಾರೆ. ಇದು ತಪ್ಪು ಸಲಹೆ ಅಲ್ಲ. ಯಂತ್ರ ಹಾಕುವುದಕ್ಕೆ ಸಬ್ಸಿಡಿಯೂ ಉಂಟು. ಒಂದು ಜಿಲ್ಲೆಗೆ ಒಂದು ಉತ್ಪನ್ನ ಅನ್ನೋದರಲ್ಲಿ ಮಂಡ್ಯಕ್ಕೆ ಬೆಲ್ಲವನ್ನೇ ಆರಿಸಿದರು. 2020ರಲ್ಲಿ ಬಂದ ಕಿರು ಆಹಾರ ಉದ್ಯಮಗಳ ಯೋಜನೆಯಲ್ಲಿ ಸಬ್ಸಿಡಿ ಶೇಕಡ 35, ಅದರ ಮೇಲೆ ರಾಜ್ಯ ಶೇಕಡ 15 ಸೇರಿಸಿತು. ಅರ್ಧ ಸಬ್ಸಿಡಿ ಅಂದ ಕೂಡಲೇ ಉಳಿದ ಭಾಗ ಸಾಲ ಅನ್ನೋದನ್ನು ನಾವು ಮರೆತುಬಿಡ್ತೀವಿ. ಆ ಸಾಲಕ್ಕೆ ಪಹಣಿ ಯಾರದು? ಜಮೀನು ಯಾರದು? ಕಂಪನಿಯದಲ್ಲ ಸ್ವಾಮಿ, ನಮ್ಮದು.

ಈಗ ಆ ಸಾಲವನ್ನು ಮೇಲಿನ ಲೆಕ್ಕಕ್ಕೆ ಜೋಡಿಸಿ. 15 ಲಕ್ಷ ಸಾಲ, ಶೇಕಡ 11 ಬಡ್ಡಿ, ಐದು ವರ್ಷ. ತಿಂಗಳ ಕಂತು ಸುಮಾರು 32,600 ರೂಪಾಯಿ. ಕೇಜಿಗೆ 5 ರೂಪಾಯಿ ಲಾಭ ಅಂದರೆ ಕಂತು ಕಟ್ಟುವುದಕ್ಕೇ ಕಂಪನಿ ತಿಂಗಳಿಗೆ 65 ಕ್ವಿಂಟಾಲ್ ತೆಗೆದುಕೊಳ್ಳಬೇಕು. ಅಲ್ಲಿಗೆ ನಮಗೆ ಉಳಿದದ್ದು ಸೊನ್ನೆ. ಕಂಪನಿಯವನು ಒಂದು ದಿನ ಫೋನು ಮಾಡಿ "ಮಾರ್ಕೆಟ್ ಡೌನಿದೆ, 3 ರೂಪಾಯಿ ಇಳಿಸಿ" ಅಂದ ಅನ್ನಿ. ಲಾಭ 2 ರೂಪಾಯಿಗೆ ಇಳೀತು. ಈಗ ಅದೇ ಕಂತಿಗೆ 163 ಕ್ವಿಂಟಾಲ್ ಬೇಕು. ಅವನು ಇಳಿಸಿದ್ದು 60ರಲ್ಲಿ 3 ರೂಪಾಯಿ, ನಮ್ಮ ತಲೆ ಮೇಲೆ ಬಿದ್ದದ್ದು ಎರಡೂವರೆ ಪಾಲು ಹೊರೆ. ಬೇಡ ಅನ್ನೋ ಹಾಗಿದೆಯೇ? ಇಲ್ಲ. ಮುಂದಿನ ತಿಂಗಳ ಕಂತು ಬಾಗಿಲಲ್ಲಿ ನಿಂತಿದೆ. ಕಂಪನಿಗೆ ಮಂಡ್ಯದಲ್ಲಿ ನೂರು ಆಲೆಮನೆ, ಆಲೆಮನೆಗೆ ಕಂಪನಿ ಒಂದೇ.

ಮಂಡಿಯವನು ಮುಂಗಡ ಕೊಟ್ಟು ಕಟ್ಟಿಹಾಕಿದ. ಕಂಪನಿಯವನು ಅದನ್ನೂ ಕೊಡಲಿಲ್ಲ. ಹಗ್ಗಕ್ಕೆ ಬ್ಯಾಂಕಿನಿಂದ ನಾವೇ ಸಾಲ ತಂದು, ನಾವೇ ಕುತ್ತಿಗೆಗೆ ಹಾಕಿಕೊಂಡು, ತುದಿಯನ್ನು ಅವನ ಕೈಗೆ ಕೊಟ್ಟೆವು. ಸಾಲ ನಮ್ಮದು, ಬೆಲೆ ಅವನದು. 1980ರಿಂದ ನಮ್ಮ ರೈತ ಚಳವಳಿ ಕೇಳ್ತಾ ಬಂದದ್ದು ಇದೇ ಪ್ರಶ್ನೆ: ಬೆಳೆದವನು ಬೆಲೆ ಹೇಳಬೇಕೋ, ಕೊಂಡವನು ಹೇಳಬೇಕೋ? ಸಾಲ ಹೊತ್ತು ಒಬ್ಬನೇ ಗಿರಾಕಿಯ ಮುಂದೆ ನಿಂತವನು ಈ ಪ್ರಶ್ನೆ ಕೇಳುವ ಹಕ್ಕನ್ನೇ ಕಳಕೊಳ್ತಾನೆ.

ರಸ್ತೆ ಅವನದಾದರೆ

ನಮ್ಮ ಕಣ್ಣೆದುರಿಗೇ ನಡೆದ ಒಂದು ಪಾಠ ಇದೆ. 2023ರ ಮಾರ್ಚ್ 12ರಂದು ಮದ್ದೂರಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯನ್ನು ಪ್ರಧಾನಿ ಉದ್ಘಾಟಿಸಿದರು. ಅದಕ್ಕೆ ಮುಂಚೆ ಬಸ್ಸು, ಕಾರುಗಳೆಲ್ಲ ಊರೊಳಗೇ ಹಾದು ಹೋಗ್ತಿದ್ದವು. ಮದ್ದೂರು ವಡೆ, ಚನ್ನಪಟ್ಟಣದ ಗೊಂಬೆ, ಎಳನೀರು, ಬೆಲ್ಲ, ಎಲ್ಲಕ್ಕೂ ರಸ್ತೆಯೇ ಗಿರಾಕಿ ತರ್ತಿತ್ತು. ಹೊಸ ದಾರಿ ಊರುಗಳನ್ನು ಬಳಸಿ ಹೋಯಿತು. ವಡೆಯ ರುಚಿ ಕೆಟ್ಟಿರಲಿಲ್ಲ, ಗೊಂಬೆಯ ಬಣ್ಣ ಮಾಸಿರಲಿಲ್ಲ. ಗಿರಾಕಿ ಹಾದು ಹೋಗುವ ದಾರಿ ಬದಲಾಯಿತು, ಹಳೆ ರಸ್ತೆಯ ಅಂಗಡಿಗಳಿಗೆ ವ್ಯಾಪಾರದ ಪೆಟ್ಟು ಬಿತ್ತು.

ಆನ್‌ಲೈನ್ ಅಂಗಡಿಯೂ ಹೀಗೇ ಒಂದು ರಸ್ತೆ. ಗಿರಾಕಿ ಮೊಬೈಲಿನಲ್ಲಿ ಬೆಲ್ಲ ಅಂತ ಒತ್ತಿದಾಗ ಯಾರ ಬೆಲ್ಲ ಮೊದಲು ಕಾಣಬೇಕು, ಯಾರದು ಹತ್ತನೇ ಪುಟಕ್ಕೆ ಹೋಗಬೇಕು ಅನ್ನೋದು ಕಂಪನಿಯ ಕೈಲಿ. ಹೆದ್ದಾರಿಗಾದರೆ ಸಂಸದರಿದ್ದಾರೆ, ಧರಣಿ ಕೂರಬಹುದು. ಈ ರಸ್ತೆಯನ್ನು ರಾತ್ರೋರಾತ್ರಿ ತಿರುಗಿಸಿದರೆ ಯಾರ ಮುಂದೆ ಧರಣಿ?

ತಿರುಗಿಸ್ತಾರೆಯೇ ಅಂತ ಕೇಳಬಹುದು. 2020ರ ಜನವರಿಯಲ್ಲಿ ನಮ್ಮ ದೇಶದ ಸ್ಪರ್ಧಾ ಆಯೋಗ ಅಮೆಜಾನ್, ಫ್ಲಿಪ್‌ಕಾರ್ಟ್ ಮೇಲೆ ತನಿಖೆಗೆ ಆದೇಶ ಮಾಡಿತು. ಕಂಪನಿಗಳು ಕರ್ನಾಟಕ ಹೈಕೋರ್ಟಿಗೆ ಬಂದು ತಡೆ ತಂದವು. 2021ರಲ್ಲಿ ಹೈಕೋರ್ಟು ಅವರ ಅರ್ಜಿ ವಜಾ ಮಾಡಿತು, ಸುಪ್ರೀಂ ಕೋರ್ಟೂ ತನಿಖೆ ತಡೆಯಲಿಲ್ಲ. ಕೆಲವೇ ಮಾರಾಟಗಾರರಿಗೆ ಮೇಲ್ಪಂಕ್ತಿ ಹಾಕಿದ್ದಾರೆ ಅಂತ ಆಯೋಗದ ತನಿಖಾ ವರದಿ ಹೇಳಿತು ಅನ್ನೋದು 2024ರಲ್ಲಿ ಪತ್ರಿಕೆಗಳಲ್ಲಿ ಬಂತು. 2021ರ ಅಕ್ಟೋಬರಿನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಇನ್ನೊಂದು ವರದಿ ಮಾಡಿತ್ತು. ಚೆನ್ನಾಗಿ ಓಡುವ ಬೇರೆಯವರ ಸರಕನ್ನು ನೋಡಿಕೊಂಡು ಅಮೆಜಾನ್ ಭಾರತದಲ್ಲಿ ತನ್ನದೇ ಹೆಸರಿನ ಸರಕು ಮಾಡಿ, ಅದನ್ನು ಮುಂದೆ ಕಾಣಿಸಿತು ಅಂತ. ಕಂಪನಿಗಳು ಈ ಆರೋಪ ಯಾವುದನ್ನೂ ಒಪ್ಪಿಲ್ಲ. ಕೋರ್ಟಿನ ತೀರ್ಪು ಏನಾದರೂ ಆಗಲಿ, ನಮ್ಮ ಆಲೆಮನೆಗೆ ಬೇಕಾದ ಬುದ್ಧಿ ಇದರಲ್ಲೇ ಇದೆ. ನಿಮ್ಮ ಬೆಲ್ಲ ಎಷ್ಟು ಮಾರುತ್ತೆ, ಯಾವ ಬಡಾವಣೆಯಲ್ಲಿ ಮಾರುತ್ತೆ, ಯಾವ ಬೆಲೆಗೆ ಮಾರುತ್ತೆ ಅನ್ನೋ ಲೆಕ್ಕ ನಿಮಗಿಂತ ಅವನಿಗೆ ಚೆನ್ನಾಗಿ ಗೊತ್ತು.

ಬಂದ ಕಂಪನಿ ಹೊರಟೂ ಹೋಗುತ್ತೆ. ಕಿರಾಣಿ ಅಂಗಡಿಗಳಿಗೆ ಸಗಟು ಸರಕು ಒದಗಿಸುವ ಕೆಲಸವನ್ನು ಅಮೆಜಾನ್ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ನಡೆಸ್ತಿತ್ತು. 2022ರ ನವೆಂಬರಿನಲ್ಲಿ ಅದನ್ನು ಮುಚ್ಚುವುದಾಗಿ ಹೇಳಿತು. ಅವರಿಗೆ ಅದು ಒಂದು ವಿಭಾಗ. ಆ ವಿಭಾಗವನ್ನೇ ನಂಬಿ ಸಾಲ ಮಾಡಿದವನಿಗೆ ಅದೇ ಬದುಕು.

ಹಣ ಯಾವಾಗ, ನೀರು ಯಾವಾಗ

ಬಾಕಿ ಹಣದ ಕಷ್ಟ ನಮಗೆ ಯಾರೂ ಕಲಿಸಬೇಕಿಲ್ಲ. ಕಬ್ಬು ಕಾರ್ಖಾನೆಗೆ ಮುಟ್ಟಿದ 14 ದಿನದಲ್ಲಿ ಹಣ ಕೊಡಬೇಕು, ತಡವಾದರೆ ಶೇಕಡ 15 ಬಡ್ಡಿ ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಬರೆದಿದೆ. ಆ 14 ದಿನ ಎಷ್ಟು ತಿಂಗಳಾಯ್ತು ಅಂತ ಮಂಡ್ಯದ ರೈತನನ್ನು ಕೇಳಿ. ಬೆಲ್ಲ ಮಾಡುವ ಸಣ್ಣ ಉದ್ಯಮಕ್ಕೂ ಒಂದು ಕಾನೂನಿದೆ. 2006ರ ಸಣ್ಣ ಕೈಗಾರಿಕೆಗಳ ಕಾಯ್ದೆ ಪ್ರಕಾರ ಸರಕು ಕೊಂಡವನು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ. ಆದರೆ ಸರಕು ಕೊಡುವುದಕ್ಕೆ ಮೊದಲೇ ಉದ್ಯಮ್ ನೋಂದಣಿ ಮಾಡಿಸಿರಬೇಕು. ಕಾನೂನು ಇದೆ ಅಂತ ನಿದ್ದೆ ಮಾಡಬೇಡಿ, ನೋಂದಣಿ ಇಲ್ಲದೆ ಗಾಡಿ ಕಳಿಸಲೂ ಬೇಡಿ. ಆಲೆಮನೆಯ ಆಳಿಗೆ ವಾರಕ್ಕೆ ಬಟವಾಡೆ, ಕಬ್ಬಿನ ರೈತನಿಗೆ ಕಡಿದ ಕೂಡಲೇ ಹಣ ಬೇಕು, ಕಂಪನಿ ಕೊಡೋದು ತಿಂಗಳೂವರೆಗೆ. ಈ ನಡುವಿನ ಹಳ್ಳವನ್ನು ಕೈಸಾಲದಿಂದ ತುಂಬಿಸಿದರೆ ಲಾಭ ಅಲ್ಲೇ ಕರಗುತ್ತೆ.

ಇನ್ನು ನೀರು. 2023ರ ಬರದಲ್ಲಿ ಕೆಆರ್‌ಎಸ್ ತುಂಬಲಿಲ್ಲ. ನಾಲೆ ನೀರು ನಂಬಿದ ಕಬ್ಬಿನ ಪಾಡು ನಮಗೆ ಗೊತ್ತು. ಅಂಥ ವರ್ಷ ತಿಂಗಳಿಗೆ ಇಷ್ಟೇ ಕ್ವಿಂಟಾಲ್ ಕೊಡ್ತೀನಿ ಅಂತ ಬರಕೊಟ್ಟವನು ಏನು ಮಾಡಬೇಕು? ಕಡಿಮೆ ಕೊಟ್ಟರೆ ದಂಡ ಅಂತ ಕರಾರಿನಲ್ಲಿ ಒಂದು ಸಾಲು ಇದ್ದರೆ, ಕಾವೇರಿ ಗಲಾಟೆಯ ಭಾರವನ್ನೂ ಆಲೆಮನೆಯವನೇ ಹೊರಬೇಕು.

ಏನು ಮಾಡಬೇಕು

ಒಂದನೆಯದು, ಆಲೆಮನೆಯಲ್ಲಿ ಇಳಿದ ಬೆಲ್ಲದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಯಾವ ಒಬ್ಬ ಕಂಪನಿಗೂ ಕೊಡಬೇಡಿ. ಅವನು ನಾಳೆ ಬೇಡ ಅಂದರೂ ಒಲೆ ಉರಿಯುತ್ತಿರಬೇಕು. ಮಂಡಿ, ಊರಿನ ಗಿರಾಕಿ, ಬೆಂಗಳೂರಿನ ನಮ್ಮದೇ ನೆಂಟರಿಷ್ಟರ ಬಳಗ, ಯಾವ ಬಾಗಿಲೂ ಮುಚ್ಚಬೇಡಿ. 2015ರಲ್ಲಿ ಮಂಡ್ಯದ ಸಾವಯವ ರೈತರು ಸಹಕಾರ ಸಂಘ ಕಟ್ಟಿ ಹೆದ್ದಾರಿ ಪಕ್ಕದಲ್ಲೇ ತಮ್ಮ ಅಂಗಡಿ ತೆರೆದರು. ನೇರವಾಗಿ ಮಾರಬಹುದು ಅನ್ನೋದಕ್ಕೆ ಅದೂ ಒಂದು ಉದಾಹರಣೆ.

ಎರಡನೆಯದು, ಕಂಪನಿಯ ಆರ್ಡರು ನೋಡಿ ಯಂತ್ರಕ್ಕೆ ಸಾಲ ಮಾಡಬೇಡಿ. ಮಂಡಿ ರೇಟಿನಲ್ಲೇ ಮಾರಿದರೂ ಕಂತು ಕಟ್ಟಬಲ್ಲೆ ಅನ್ನೋ ಧೈರ್ಯ ಇದ್ದರೆ ಮಾತ್ರ ಯಂತ್ರ. ಇಲ್ಲವಾದರೆ ಐದಾರು ಆಲೆಮನೆ ಸೇರಿ, ರೈತ ಉತ್ಪಾದಕರ ಕಂಪನಿಯಲ್ಲಿ ಒಂದೇ ಯಂತ್ರ ಹಾಕಿ. ಮಾತುಕತೆಗೂ ಆ ಹೆಸರಲ್ಲೇ ಹೋಗಿ. ಒಬ್ಬ ಹೋದರೆ ಅವನು ರೇಟು ಹೇಳ್ತಾನೆ, ಐವತ್ತು ಜನ ಹೋದರೆ ರೇಟು ಕೇಳ್ತಾನೆ. ಬೆಂಗಳೂರಿನ ಆಟೋ ಚಾಲಕರು ಇದನ್ನೇ ಮಾಡಿದರು. ಕಂಪನಿಗಳ ಕಮಿಷನ್ ತಾಳಲಾರದೆ 2022ರಲ್ಲಿ ಅವರ ಯೂನಿಯನ್ನು ನಮ್ಮ ಯಾತ್ರಿ ಅನ್ನೋ ಬೇರೆ ದಾರಿಯ ಜೊತೆ ನಿಂತಿತು. ಆಟೋದವರಿಗೆ ಆದದ್ದು ನಮಗೆ ಆಗದೇ?

ಮೂರನೆಯದು, ಪೊಟ್ಟಣದ ಮೇಲೆ ನಮ್ಮ ಹೆಸರು ಇರಲೇಬೇಕು. ಕಂಪನಿಯ ಹೆಸರಿನ ಪೊಟ್ಟಣಕ್ಕೆ ಬೆಲ್ಲ ತುಂಬಿಕೊಟ್ಟರೆ ನಾಳೆ ಅದೇ ಪೊಟ್ಟಣದಲ್ಲಿ ಬೇರೆಯವರ ಬೆಲ್ಲ ಹೋದರೂ ಗಿರಾಕಿಗೆ ತಿಳಿಯೋದಿಲ್ಲ. 2023ರ ಏಪ್ರಿಲಿನಲ್ಲಿ ಅಮುಲ್ ಬೆಂಗಳೂರಿಗೆ ಆನ್‌ಲೈನಿನಲ್ಲಿ ಹಾಲು ತರ್ತೀನಿ ಅಂದಾಗ ನಾಡೇ ಯಾಕೆ ಎದ್ದು ನಿಂತಿತು? ಹಾಲು ಹಾಲೇ ಅಲ್ಲವೆ? ನಂದಿನಿ ಅನ್ನೋ ಹೆಸರು ನಮ್ಮ ಹಾಲಿನ ಸಂಘಗಳದ್ದು ಅಂತ ಜನಕ್ಕೆ ಗೊತ್ತಿತ್ತು. ಬೆಲ್ಲಕ್ಕೆ ಅಂಥ ಹೆಸರು ಕಟ್ಟಬೇಕು. ಹೆಸರು ಕಟ್ಟಬೇಕಾದರೆ ಮಾಲು ಶುದ್ಧ ಇರಬೇಕು. ಬೆಲ್ಲದಲ್ಲಿ ಗಂಧಕದ ಅಂಶ ಹತ್ತು ಲಕ್ಷಕ್ಕೆ 70 ಭಾಗ ಮೀರಬಾರದು ಅಂತ ನಿಯಮ. ಬಣ್ಣ ಬರಲಿ ಅಂತ ಹೈಡ್ರೋಸ್ ಸುರಿದು, ತೂಕ ಬರಲಿ ಅಂತ ಹಳೆ ಸಕ್ಕರೆ ಬೆರೆಸಿ, ಆಮೇಲೆ ಕಂಪನಿ ತಿರಸ್ಕರಿಸಿತು ಅಂತ ಧರಣಿ ಕೂತರೆ ಯಾರೂ ನಮ್ಮ ಜೊತೆ ಬರೋದಿಲ್ಲ. ಮಂಡ್ಯದ ಬೆಲ್ಲದ ಹೆಸರು ಕೆಡಿಸಿದ್ದರಲ್ಲಿ ನಮ್ಮವರ ಪಾಲೂ ಇದೆ.

ನಾಲ್ಕನೆಯದು, ಕರಾರು ಕನ್ನಡದಲ್ಲಿರಲಿ. ಬೆಲೆ ಎಷ್ಟು ದಿನಕ್ಕೆ ಖಾಯಂ, ತಿರಸ್ಕರಿಸಿದ ಮಾಲು ಯಾರ ಖರ್ಚಿನಲ್ಲಿ ವಾಪಸು, ಹಣ ಎಷ್ಟನೇ ದಿನ, ನೀರಿಲ್ಲದ ವರ್ಷ ದಂಡ ಇಲ್ಲ, ಈ ನಾಲ್ಕು ಸಾಲು ಬರೆದಿರದ ಕಾಗದಕ್ಕೆ ಹೆಬ್ಬೆಟ್ಟೂ ಬೇಡ, ಸಹಿಯೂ ಬೇಡ.

ಸರ್ಕಾರಕ್ಕೆ ಒಂದು ಮಾತು. ಯಂತ್ರಕ್ಕೆ ಸಬ್ಸಿಡಿ ಕೊಟ್ಟು ಸಾಲ ಹೊರಿಸಿದರೆ ಕೆಲಸ ಮುಗಿಯಲಿಲ್ಲ. ಮಂಡ್ಯದ ಮಾರುಕಟ್ಟೆ ಅಂಗಳದಲ್ಲಿ ಬೆಲ್ಲ ಕೆಡದಂತೆ ಇಡುವ ಉಗ್ರಾಣ, ಅಲ್ಲೇ ಪರೀಕ್ಷೆ ಮಾಡಿ ಚೀಟಿ ಕೊಡುವ ವ್ಯವಸ್ಥೆ, ಇಟ್ಟ ಬೆಲ್ಲದ ಮೇಲೆ ಕಡಿಮೆ ಬಡ್ಡಿಗೆ ಸಾಲ, ಇಷ್ಟು ಮಾಡಿ. ಬೆಲ್ಲ ಹಿಡಿದಿಟ್ಟುಕೊಳ್ಳುವ ಶಕ್ತಿ ಬಂದರೆ ಕಂಪನಿ ಜೊತೆ ನಾವೇ ಮಾತಾಡ್ತೀವಿ.

ಗೆಳೆಯರೇ, ಕಂಪನಿ ನಮ್ಮ ಶತ್ರುವೂ ಅಲ್ಲ, ನೆಂಟನೂ ಅಲ್ಲ. ಅವನು ಗಿರಾಕಿ. ಬಂದರೆ ಕೂರಿಸಿ ಬೆಲೆ ಹೇಳೋಣ, ಒಪ್ಪಿದರೆ ತೂಗಿ ಕೊಡೋಣ, ಒಪ್ಪದಿದ್ದರೆ ಕಳಿಸಿಕೊಡೋಣ. ಹಾಗೆ ಕಳಿಸಿಕೊಡುವ ಧೈರ್ಯ ಸಾಲ ಇಲ್ಲದವನಿಗೆ ಮಾತ್ರ ಇರುತ್ತೆ. ಕಂಪನಿಯ ಕಾಗದ ಕೈಗೆ ಬಂದವರು ಸಹಿ ಹಾಕುವ ಮೊದಲು ನಿಮ್ಮ ಊರಿನ ಸಂಘದ ಮುಂದೆ ತಂದಿಟ್ಟು, ಹತ್ತು ಜನರ ಎದುರಿಗೆ ಗಟ್ಟಿಯಾಗಿ ಓದಿಸಿ.